ಭಾನುವಾರ ಕಳೆದ ಮೇಲಿನ ಆರು ದಿನ: ಓಣಿ, ಅಂಗಡಿ, ಆಫೀಸಿನಲ್ಲಿ ಸಾಕ್ಷಿಯಾಗಿ ಬದುಕುವುದು ಹೇಗೆ?

ಬೆಳಗಿನ_ಗಂಟೆ

ಎಲ್ಲರಿಗೂ ವಂದನೆಗಳು. ಯುವಜನ ಸಂಘದ ಮುಂದಿನ ವರ್ಷದ ಕಾರ್ಯಕ್ರಮ ಹಾಕುತ್ತಿದ್ದೇವೆ. 60 ಮನೆಗಳ ಕ್ರೈಸ್ತ ಸಭೆ, ಸುತ್ತಮುತ್ತ ಎಲ್ಲ ಧರ್ಮದವರ ಮನೆಗಳು. ಮತ್ತಾಯ 5ರಲ್ಲಿ ಯೇಸು ಹೇಳಿದ "ನೀವು ಲೋಕಕ್ಕೆ ಉಪ್ಪು, ಬೆಳಕು" ಎಂಬ ಮಾತನ್ನೇ ವರ್ಷದ ವಿಷಯವಾಗಿ ಇಟ್ಟುಕೊಂಡಿದ್ದೇವೆ. "ಒಳ್ಳೆಯ ಮಾದರಿಯಾಗಿರಿ" ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಸೋಮವಾರ ಬೆಳಿಗ್ಗೆ ಏನು ಮಾಡಬೇಕು ಅನ್ನುವುದು ಯಾರಿಗೂ ಸ್ಪಷ್ಟವಿರುವುದಿಲ್ಲ. ಪಟ್ಟಿಯಲ್ಲಿ ಈಗ ಮೂರಿವೆ: ಶುಭ ಶುಕ್ರವಾರ ರಕ್ತದಾನ ಶಿಬಿರ, ಕ್ರಿಸ್ಮಸ್‌ಗೆ 50 ಮನೆಗೆ ಅಕ್ಕಿ ಮೂಟೆ, ತಿಂಗಳಿಗೊಮ್ಮೆ ಆಸ್ಪತ್ರೆ ಭೇಟಿ. ಈ ಕೆಲಸ ಗೊತ್ತಿರುವವರು ಎಲ್ಲೆಲ್ಲಿ ಎಡವುತ್ತೇವೆ ಅಂತ ನೇರವಾಗಿ ಹೇಳಿ.

ರಕ್ತನಿಧಿ_ಬಳಗ

ಶುಭ ಶುಕ್ರವಾರವೇ ಶಿಬಿರ ಅನ್ನುವುದರಿಂದ ಶುರು ಮಾಡೋಣ. ನಮಗಾಗಿ ರಕ್ತ ಸುರಿಸಿದ ದಿನ ನಾವೂ ರಕ್ತ ಕೊಡೋಣ ಎಂಬ ಭಾವನೆ ಅರ್ಥವಾಗುತ್ತದೆ. ಆದರೆ ಅಂದು ಅರ್ಧ ಸಭೆ ಉಪವಾಸ, 12ರಿಂದ 3ರ ಆರಾಧನೆ ಬೇರೆ, ಮೇಲೆ ಏಪ್ರಿಲ್ ಬಿಸಿಲು. ಉಪವಾಸದಲ್ಲಿರುವವರಿಂದ ರಕ್ತ ತೆಗೆಯಬಾರದು ಅಂತ ನಿಯಮವೇ ಇದೆ. ಉಪವಾಸ ಮುಚ್ಚಿಟ್ಟು ಮಲಗಿದವರು ಎದ್ದು ನಿಲ್ಲುವಾಗ ತಲೆಸುತ್ತಿ ಬೀಳುತ್ತಾರೆ. ಒಬ್ಬರು ಬಿದ್ದರೆ ಸಾಲಿನಲ್ಲಿದ್ದ ಹತ್ತು ಮಂದಿ ವಾಪಸ್ಸು ಹೋಗುತ್ತಾರೆ.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಒಂದೇ ದಿನ ನೂರು ಯೂನಿಟ್ ಸಂಗ್ರಹಿಸಿದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಆದರೆ ಪ್ಲೇಟ್‌ಲೆಟ್ ಉಳಿಯುವುದು 5 ದಿನ, ಸಾಮಾನ್ಯ ಚೀಲದ ಪೂರ್ಣ ರಕ್ತ 35 ದಿನ. ಊರಿನ ಎಲ್ಲ ಸಂಘಗಳೂ ಹಬ್ಬದ ದಿನವೇ ಶಿಬಿರ ಮಾಡಿದರೆ ಆ ವಾರ ತುಂಬಿ ತುಳುಕುತ್ತದೆ, ಪರೀಕ್ಷೆ ಮುಗಿದು ಕಾಲೇಜುಗಳಿಗೆ ರಜೆ ಬಿದ್ದ ಮೇಲೆ ಫ್ರಿಜ್ ಖಾಲಿ.

ಹೀಗೆ ಮಾಡಿ. ಸಭೆಯಲ್ಲಿ 40 ಜನ ದಾನಿಗಳ ಪಟ್ಟಿ ಮಾಡಿ: ವಯಸ್ಸು 18ರಿಂದ 65, ತೂಕ 45 ಕೆಜಿಗೆ ಕಡಿಮೆಯಿಲ್ಲ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಹತ್ತತ್ತು ಜನರ ನಾಲ್ಕು ಗುಂಪು ಮಾಡಿ ತಿಂಗಳಿಗೆ ಒಂದು ಗುಂಪು ರಕ್ತನಿಧಿಗೇ ಹೋಗಿ ಕೊಟ್ಟು ಬರಲಿ. ನಾಲ್ಕು ತಿಂಗಳಿಗೆ ಮೊದಲ ಗುಂಪಿನ ಸರದಿ ತಿರುಗಿ ಬರುವ ಹೊತ್ತಿಗೆ ಎಲ್ಲರ ಅಂತರವೂ ಮುಗಿದಿರುತ್ತದೆ. ಪಟ್ಟಿಯಲ್ಲಿ ಕೊನೆಯ ಬಾರಿ ಕೊಟ್ಟ ತಾರೀಖಿನ ಕಲಂ ಇರಲೇಬೇಕು. ಅದಿಲ್ಲದ ಪಟ್ಟಿ ಇದ್ದರೆ, ರಾತ್ರಿ 11ಕ್ಕೆ ಫೋನ್ ಬಂದಾಗ ಕಳೆದ ತಿಂಗಳು ಕೊಟ್ಟವರನ್ನೇ ಮತ್ತೆ ಎಬ್ಬಿಸುತ್ತೀರಿ.

ಸೇವಾಸದನ_ನರ್ಸ್

ಆಸ್ಪತ್ರೆ ಭೇಟಿಯ ಬಗ್ಗೆ ನಾನು ಹೇಳುತ್ತೇನೆ. ವಾರ್ಡಿನಲ್ಲಿ ಸಭೆಯವರ ಮೇಲೆ ಬರುವ ದೂರುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ: ಹತ್ತು ಜನ ಒಟ್ಟಿಗೆ ಬಂದರು, ಗಟ್ಟಿಯಾಗಿ ಹಾಡಿದರು, ಪಕ್ಕದ ಮಂಚದವರನ್ನು ಕೇಳದೆ ತಲೆ ಮೇಲೆ ಕೈಯಿಟ್ಟರು.

ಹೋಗುವುದು ಇಬ್ಬರು, ಅಷ್ಟೇ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು ಇವತ್ತಿಗೂ ಬಡವರ ಮನೆಗೆ ಇಬ್ಬಿಬ್ಬರೇ ಹೋಗುತ್ತಾರೆ. ಒಬ್ಬರೇ ಹೋದರೆ ಅನುಮಾನಕ್ಕೆ ದಾರಿ, ಐವರು ಹೋದರೆ ಮೆರವಣಿಗೆ. ರೋಗಿ ಹೆಂಗಸಾದರೆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಲಿ. ಹತ್ತರಿಂದ ಹದಿನೈದು ನಿಮಿಷ ಸಾಕು. ನೆಗಡಿ, ಕೆಮ್ಮು ಇದ್ದರೆ ಆ ವಾರ ಬೇಡ. ಒಳಗೆ ಹೋಗುವ ಮುಂಚೆ, ಹೊರಗೆ ಬಂದ ಮೇಲೆ ಕೈ ತೊಳೆಯಿರಿ. ಮಂಚದ ಮೇಲೆ ಕೂರಬೇಡಿ. ಪ್ರಾರ್ಥನೆ ಮಾಡಲೇ ಎಂದು ಕೇಳಿ. ಬೇಡ ಅಂದರೆ "ಆಗಲಿ, ನೀರು ತಂದುಕೊಡಲೇ, ಮೆಡಿಕಲ್ ಶಾಪಿಗೆ ಹೋಗಿ ಬರಲೇ?" ಅನ್ನಿ. ಬೇಡ ಅಂದವರ ಬಳಿಯೂ ಅದೇ ಮುಖ ಇಟ್ಟುಕೊಂಡು ಇನ್ನೈದು ನಿಮಿಷ ಕೂತು ಬರುವುದು ಮುಖ್ಯ.

ಕೈಯಲ್ಲಿ ಏನು ಒಯ್ಯುತ್ತೀರಿ ಅನ್ನುವುದೂ ನೋಡಿ. ನಮ್ಮಲ್ಲಿ ಎಳನೀರು, ಬಾಳೆಹಣ್ಣು ಕೊಂಡೊಯ್ಯುವುದು ರೂಢಿ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್‌ನಲ್ಲಿ ಇರುವವರಿಗೆ ಅವೆರಡೂ ಅಪಾಯ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಅದನ್ನು ಹೊರಹಾಕಲು ಅವರ ಮೂತ್ರಪಿಂಡಕ್ಕೆ ಆಗುವುದಿಲ್ಲ, ಹೃದಯದ ಬಡಿತವೇ ಏರುಪೇರಾಗುತ್ತದೆ. ಆಪರೇಷನ್‌ಗೆ ಹೊಟ್ಟೆ ಖಾಲಿ ಇಟ್ಟವರಿಗೆ ಪ್ರೀತಿಯಿಂದ ಒಂದು ಲೋಟ ಹಾಲು ಕುಡಿಸಿದರೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. ಡ್ಯೂಟಿ ನರ್ಸನ್ನು ಕೇಳದೆ ಏನನ್ನೂ ಬಾಯಿಗೆ ಕೊಡಬೇಡಿ. ರೋಗಿಯ ಪಕ್ಕ ರಾತ್ರಿ ಕೂರುವವರಿಗೆ ಊಟ ತನ್ನಿ, ಅದರಷ್ಟು ಬೇಕಾದದ್ದು ಇನ್ನೊಂದಿಲ್ಲ.

ಇನ್ನು ವಾಟ್ಸಾಪ್ ಪ್ರಾರ್ಥನಾ ಗುಂಪು. "ಇಂಥವರ ಮಗಳಿಗೆ ಇಂಥ ಕಾಯಿಲೆ, ದಯವಿಟ್ಟು ಪ್ರಾರ್ಥಿಸಿ" ಎಂದು ಒಬ್ಬರು ಹಾಕುತ್ತಾರೆ. ಅದು ಮೂರು ಗುಂಪು ದಾಟಿ ಆ ಹುಡುಗಿಗೆ ಗಂಡು ನೋಡುತ್ತಿರುವ ಮನೆ ಮುಟ್ಟುತ್ತದೆ. ರೋಗಿಯ ಒಪ್ಪಿಗೆ ಇಲ್ಲದೆ ಹೆಸರು, ಕಾಯಿಲೆ, ವಾರ್ಡ್ ನಂಬರ್ ಹಾಕಬಾರದು. "ಒಬ್ಬ ಸಹೋದರಿಯ ಆರೋಗ್ಯಕ್ಕಾಗಿ" ಅಂದರೆ ದೇವರಿಗೆ ಅರ್ಥವಾಗುತ್ತದೆ.

ತಕ್ಕಡಿ

ಅಕ್ಕನ ಕೊನೆಯ ಮಾತು ಸಭೆಯ ಗೋಡೆ ಮೇಲೆ ಬರೆಸುವಂಥದ್ದು.

ಆದರೆ ಕಾರ್ಯಕ್ರಮದ ಪಟ್ಟಿ ನೋಡಿದರೆ ಎಲ್ಲವೂ ಬಿಡುವಿನ ವೇಳೆಯ ಕೆಲಸ. ನೆರೆಯವರು ನಮ್ಮನ್ನು ಅಳೆಯುವುದು ದುಡಿಮೆಯ ವೇಳೆಯಲ್ಲಿ. ಸುಂಕದವರು, ಸಿಪಾಯಿಗಳು "ನಾವೇನು ಮಾಡಬೇಕು" ಎಂದು ಸ್ನಾನಿಕನಾದ ಯೋಹಾನನನ್ನು ಕೇಳಿದಾಗ (ಲೂಕ 3) ಅವನು ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ, ಹೆದರಿಸಿ ಕೀಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಅಂದ. ಎಲ್ಲವೂ ಲೆಕ್ಕಕ್ಕೆ ಸಿಗುವ ಮಾತು.

ಅಂಗಡಿ ಇರುವವರಿಗೆ: ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ, ತೂಕದ ಬಟ್ಟು ಮತ್ತು ತೂಗುತಕ್ಕಡಿಗೆ 24 ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ಪ್ರಮಾಣಪತ್ರ ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಮುದ್ರೆ ಇದ್ದರೂ ಮೋಸವಾಗುವ ಜಾಗ ಬೇರೆ ಇದೆ. ಸಿಹಿ ತೂಗುವಾಗ ಡಬ್ಬಿ ಇಟ್ಟು, ಟೇರ್ ಗುಂಡಿ ಒತ್ತಿ ಸೊನ್ನೆ ಮಾಡಿ, ಆಮೇಲೆ ಸಿಹಿ ತುಂಬಬೇಕು. ಒತ್ತದೇ ತೂಗಿದರೆ, ಡಬ್ಬಿ 60 ಗ್ರಾಂ ಇದ್ದು ಸಿಹಿ ಕೆಜಿಗೆ 500 ರೂಪಾಯಿ ಇದ್ದರೆ, ಪ್ರತಿ ಡಬ್ಬಿಗೆ 30 ರೂಪಾಯಿ ರಟ್ಟಿನ ಹಣ. ಕೌಂಟರಿನ ಹುಡುಗನಿಗೆ ಇದನ್ನು ಹೇಳಿಕೊಟ್ಟಿರಬೇಕು, ಏಕೆಂದರೆ ಮಾಲೀಕ ಪ್ರಾಮಾಣಿಕನಾಗಿದ್ದರೂ ಗುಂಡಿ ಒತ್ತುವ ಕೈ ಆ ಹುಡುಗನದ್ದೇ. ಧರ್ಮೋಪದೇಶಕಾಂಡ 25 ಚೀಲದಲ್ಲಿ ದೊಡ್ಡದೂ ಚಿಕ್ಕದೂ ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬೇಡ ಅನ್ನುತ್ತದೆ. ಇಂದಿನ ಎರಡನೆಯ ಕಲ್ಲು ಆ ಒತ್ತದ ಗುಂಡಿ.

ಸರ್ಕಾರಿ ಕೆಲಸದಲ್ಲಿರುವವರಿಗೆ: ಸಕಾಲ ಕಾಯ್ದೆ (2011) ಅಡಿ ಬರುವ ಅರ್ಜಿಗೆ ಸ್ವೀಕೃತಿ ಸಂಖ್ಯೆ ಕೊಡಿ, ಕೊಡುವ ತಾರೀಖು ಓದಿ ಹೇಳಿ. ಬಹಳ ಕಡೆ ಲಂಚ ಹುಟ್ಟುವುದು "ನಾಳೆ ಬಾ" ಅನ್ನುವಲ್ಲಿ. ತಾರೀಖು ಗೊತ್ತಿರುವವನ ಹತ್ತಿರ ದಲ್ಲಾಳಿಗೆ ಕೆಲಸವಿಲ್ಲ.

ಮನೆಗೆಲಸದವರನ್ನು ಇಟ್ಟುಕೊಂಡವರಿಗೆ: ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂದು ಯಾಜಕಕಾಂಡ 19ರಲ್ಲಿದೆ. 1ನೇ ತಾರೀಖು ಅಂದರೆ 1ನೇ ತಾರೀಖು. ನೀವು ಊರಿಗೆ ಹೋದ ದಿನಗಳ ಸಂಬಳ ಹಿಡಿಯಬೇಡಿ, ಬಾಗಿಲು ಹಾಕಿದ್ದು ನೀವು. ವಾರದ ರಜೆಯನ್ನು ನಿಮ್ಮ ಭಾನುವಾರದ ಆರಾಧನೆಗೆ ಹೊಂದಿಸಬೇಡಿ, ಅವರಿಗೆ ಬೇಕಾದ ದಿನ ಕೇಳಿ.

ಉಪ್ಪಿನಂಗಡಿ_ದಾರಿ

ತಕ್ಕಡಿ ಅಣ್ಣ ಹೇಳಿದ್ದು ಸರಿ. ಆದರೆ ತಪ್ಪು ಆಗಿಹೋಗಿದ್ದರೆ? ಹತ್ತು ವರ್ಷ ಡಬ್ಬಿ ಸೇರಿಸಿ ತೂಗಿದವನು ಇವತ್ತಿನಿಂದ ಸರಿಮಾಡಿಕೊಂಡರೆ ಸಾಕೇ?

ತಕ್ಕಡಿ

ಸಾಲದು. ಮೋಶೆಯ ಧರ್ಮಶಾಸ್ತ್ರದಲ್ಲಿ ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಿರುಗಿಸಿ ಐದನೆಯ ಒಂದು ಪಾಲು ಮೇಲೆ ಸೇರಿಸಬೇಕು (ಯಾಜಕಕಾಂಡ 6), ಅಂದರೆ 1,000ಕ್ಕೆ 1,200. ಯೇಸುವನ್ನು ಮನೆಗೆ ಕರೆದ ಸುಂಕದವನು ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಅಂದ, ಅದರ ಮೇಲೆ ಆಸ್ತಿಯ ಅರ್ಧ ಬಡವರಿಗೆ. ಯಾರಿಗೆ ಮೋಸವಾಯಿತು ಎಂದು ಗೊತ್ತಿದ್ದರೆ ಮೊದಲು ಅವರಿಗೇ. ಗೊತ್ತಿಲ್ಲದಿದ್ದರೆ ಆ ಮೊತ್ತವನ್ನು ಅಂದಾಜು ಮಾಡಿ ಬಡವರಿಗೆ ಸೇರಿಸಬೇಕು. ಅದನ್ನು ಸಭೆಯ ಕಾಣಿಕೆ ಎಂದು ಹೆಸರು ಹೇಳಿಸಿ ಕೊಡಬಾರದು. ಗಿರಾಕಿಯ ಹಣದಲ್ಲಿ ದಾನಿಯ ಹೆಸರು ಪಡೆದ ಹಾಗಾಗುತ್ತದೆ.

ಕೊಡಿಯಾಲದ_ಅಕ್ಕ

ಅಕ್ಕಿ ಮೂಟೆಗೆ ಬರುತ್ತೇನೆ. ಬಿಪಿಎಲ್ ಕಾರ್ಡಿನ ಮನೆಗೆ ಅನ್ನಭಾಗ್ಯದ ಅಕ್ಕಿ ಬರುತ್ತದೆ. ಅಂಥ ಮನೆಯಲ್ಲಿ ಕೊರತೆ ಇರುವುದು ಬೇಳೆ, ಎಣ್ಣೆ, ಸೋಪು, ಔಷಧಿ, ಸಿಲಿಂಡರಿನ ಹಣಕ್ಕೆ. ಮೂಟೆ ಕೊಟ್ಟರೆ ಕೆಲವರು ಅದನ್ನೇ ಅಂಗಡಿಗೆ ಮಾರಿ ಎಣ್ಣೆ ತರುತ್ತಾರೆ, ನೀವು ಅದನ್ನು ನೋಡಿ "ಕೃತಜ್ಞತೆಯಿಲ್ಲ" ಅನ್ನುತ್ತೀರಿ. ಡಿಸೆಂಬರ್ ಮೊದಲ ವಾರ ಇಬ್ಬರು ಹೋಗಿ ಕೇಳಿ ಬನ್ನಿ. ನಾಲ್ಕು ಜನರ ಮನೆಗೆ 2 ಕೆಜಿ ತೊಗರಿಬೇಳೆ, 2 ಲೀಟರ್ ಎಣ್ಣೆ, 1 ಕೆಜಿ ಸಕ್ಕರೆ, ಕಾಲು ಕೆಜಿ ಚಹಾಪುಡಿ, 6 ಸೋಪು ಅಂತ ಲೆಕ್ಕ ಹಾಕಿದರೆ ಹಬ್ಬದ ತಿಂಗಳು ನಿಜಕ್ಕೂ ಹಗುರಾಗುತ್ತದೆ. ಕಾರ್ಡ್ ಇಲ್ಲದ ವಲಸೆ ಕೂಲಿಗಳ ಶೆಡ್ಡಿಗೆ ಮಾತ್ರ ಅಕ್ಕಿ ಒಯ್ಯಿರಿ.

ಸಾಲಿನಲ್ಲಿ ನಿಲ್ಲಿಸಿ ಹಂಚಬೇಡಿ. ಸಂಜೆ ಮೇಲೆ ಮನೆಗೆ ಒಯ್ದು ಕೊಡಿ. ಮುಖ ಕಾಣುವ ಫೋಟೋ ಬೇಡ, ಸಭೆಯ ಹೆಸರಿನ ಚೀಲವೂ ಬೇಡ, ಆ ಚೀಲ ಹಿಡಿದು ಓಣಿ ದಾಟುವ ಹುಡುಗನಿಗೆ ಅದು ಚೀಟಿ ಅಂಟಿಸಿದಂತೆ.

ಹಬ್ಬದ ತಟ್ಟೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯನ್ನು ಅಕ್ಕಪಕ್ಕಕ್ಕೆ ಕೊಡುವಾಗ ಸಸ್ಯಾಹಾರಿ ಮನೆಗೆ ಕೊಡುವುದನ್ನು ಬೇರೆಯಾಗಿ ಮಾಡಿ. ರೋಸ್ ಕುಕ್ಕೀಸ್ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ಕಿಡಿಯೊಗೂ ಮೊಟ್ಟೆ ಹಾಕುವ ಮನೆಗಳಿವೆ, ಪ್ಲಮ್ ಕೇಕಿಗೆ ಮೊಟ್ಟೆಯ ಜೊತೆ ರಮ್ ಕೂಡ. ಮೊದಲ ದಿನ ಹೊಸ ಎಣ್ಣೆಯಲ್ಲಿ ಮೊಟ್ಟೆಯಿಲ್ಲದ ಕಿಡಿಯೊ, ನೆವ್ರಿ, ಚಕ್ಕುಲಿ ಕರಿದು ಡಬ್ಬಿ ಮುಚ್ಚಿಡಿ. ಆಮೇಲೆ ಅದೇ ಎಣ್ಣೆಯಲ್ಲಿ ರೋಸ್ ಕುಕ್ಕೀಸ್ ಕರಿಯಿರಿ. ಈ ಕ್ರಮ ಉಲ್ಟಾ ಆಗಬಾರದು. ಕೊಡುವಾಗ "ಇದರಲ್ಲಿ ಮೊಟ್ಟೆಯಿಲ್ಲ, ಹೊಸ ಎಣ್ಣೆಯಲ್ಲೇ ಕರಿದದ್ದು" ಎಂದು ಬಾಯಿಬಿಟ್ಟು ಹೇಳಿ. ಅವರು ಕೇಳಲು ಸಂಕೋಚಪಟ್ಟು ತಟ್ಟೆಯನ್ನು ಹಾಗೇ ಇಟ್ಟುಬಿಡುತ್ತಾರೆ. ಕರಪತ್ರ ತಟ್ಟೆಯೊಳಗೆ ಇಡಬೇಡಿ. ಹಬ್ಬದ ತಿಂಡಿ ಹಬ್ಬದ ತಿಂಡಿಯಾಗಿಯೇ ಹೋಗಲಿ.

ಕರೆಯ_ಧ್ವನಿ

ಸಿಸ್ಟರ್, ಒಂದು ಭಿನ್ನಾಭಿಪ್ರಾಯ. ಕರಪತ್ರ ಬೇಡ, ಹೆಸರು ಬೇಡ, ಫೋಟೋ ಬೇಡ ಅಂದರೆ ಇದು ಯಾವ ಸಮಾಜಸೇವಾ ಸಂಘಕ್ಕಿಂತ ಬೇರೆ? ದೀಪವನ್ನು ಕೊಳಗದ ಕೆಳಗೆ ಇಡಬಾರದು ಎಂದೂ ಅದೇ ಮತ್ತಾಯ 5ರಲ್ಲಿದೆ.

ಹಳೇ_ಪೀಠ

ಬ್ರದರ್ ಕೇಳಿದ್ದು ಸರಿಯಾದ ಪ್ರಶ್ನೆ. 5ನೇ ಅಧ್ಯಾಯ ಜನ ನಿಮ್ಮ ಒಳ್ಳೇ ಕ್ರಿಯೆಗಳನ್ನು ನೋಡಲಿ ಅನ್ನುತ್ತದೆ, 6ನೇ ಅಧ್ಯಾಯ ಎಡಗೈಗೂ ತಿಳಿಯದಿರಲಿ ಅನ್ನುತ್ತದೆ. ಎರಡೂ ಒಂದೇ ಪ್ರಸಂಗದ ಮಾತು. 5ರಲ್ಲಿ ನೋಡಿದವರು ಕೊಂಡಾಡುವುದು ಪರಲೋಕದ ತಂದೆಯನ್ನು. 6ರಲ್ಲಿ ತುತೂರಿ ಊದಿಸಿದವನಿಗೆ ಬರುವುದು ತನ್ನ ಹೊಗಳಿಕೆ. ಹಾಗಾಗಿ ಪರೀಕ್ಷೆ ಸುಲಭ: ನೋಡಿದವರ ಬಾಯಲ್ಲಿ ಯಾರ ಹೆಸರು ಬರುತ್ತದೆ? ನಡತೆ ಎಲ್ಲರಿಗೂ ಕಾಣಲಿ, ದಾನ ಪಡೆದವರ ಮುಖ ಕಾಣದಿರಲಿ.

ಮಾತಿನ ವಿಷಯಕ್ಕೆ 1 ಪೇತ್ರ 3ರಲ್ಲಿ ಕ್ರಮ ಸ್ಪಷ್ಟವಾಗಿದೆ. ನಿಮ್ಮ ನಿರೀಕ್ಷೆಗೆ ಆಧಾರವೇನು ಎಂದು ಕೇಳುವವರಿಗೆ ಉತ್ತರ ಹೇಳಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕವಾಗಿ. ಅಂದರೆ ಮೊದಲು ಅವರು ಕೇಳಬೇಕು. ಕೇಳಿದಾಗ ತಡವರಿಸಬಾರದು. ಯುವಜನರಿಗೆ ಅಭ್ಯಾಸ ಮಾಡಿಸಬೇಕಾದದ್ದು ಅದನ್ನೇ: ಮೂರು ನಿಮಿಷದಲ್ಲಿ, ಆರಾಧನೆಯ ಗ್ರಂಥಭಾಷೆ ಬಿಟ್ಟು, ಮನೆಮಾತಿನಲ್ಲಿ, ಇನ್ನೊಬ್ಬರ ದೇವರನ್ನು ಹೀಗಳೆಯದೆ ತಾನು ಏನನ್ನು ಏಕೆ ನಂಬುತ್ತೇನೆ ಅಂತ ಹೇಳುವುದು. ಬಹಳ ಮಂದಿಗೆ ಇದು ಬರುವುದಿಲ್ಲ, ಆದ್ದರಿಂದಲೇ ಕರಪತ್ರ ತುರುಕುತ್ತಾರೆ.

ಸಹಾಯಕ್ಕೂ ನಂಬಿಕೆಗೂ ಗಂಟು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಇತಿಹಾಸವೇ ಪಾಠ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಸಭೆಗೆ ಸೇರಿದವರನ್ನು ಜಾತಿಯವರು ಹೊರಹಾಕಿ ಜೀವನೋಪಾಯ ಹೋದಾಗ ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಆ ಕೆಲಸ ನಿಜವಾದ ಅಗತ್ಯಕ್ಕೆ ಹುಟ್ಟಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಲಿ, ಮನೆ, ಸಭೆ ಮೂರೂ ಒಂದೇ ಕೈಯಲ್ಲಿದ್ದಾಗ ಒಬ್ಬನ ನಂಬಿಕೆ ಅವನದೇ ಹೌದೋ ಅಲ್ಲವೋ ಎಂದು ಅವನಿಗೂ ತಿಳಿಯದೆ ಹೋಗಬಹುದು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ ಪತ್ರಿಕೆ, ಕಿಟೆಲ್ 1894ರಲ್ಲಿ ಮುಗಿಸಿದ ನಿಘಂಟು ನೋಡಿ. ಅವು ಯಾರ ನಂಬಿಕೆಯನ್ನೂ ಕೇಳದೆ ಎಲ್ಲ ಕನ್ನಡಿಗರಿಗೂ ಸಿಕ್ಕವು. ಮಂಗಳೂರಿನ ಕಂಕನಾಡಿಯಲ್ಲಿ ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿ, 1890ರಲ್ಲಿ ಯಾರೂ ಮುಟ್ಟದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇವರ ಹೆಸರು ಊರಿನವರ ಬಾಯಲ್ಲಿ ಇಂದಿಗೂ ಗೌರವದಿಂದ ಬರುವುದಕ್ಕೆ ಕಾರಣ ಅದು.

ಕರೆಯ_ಧ್ವನಿ

"ಮೊದಲು ಅವರು ಕೇಳಬೇಕು" ಎಂಬುದನ್ನು ಪೂರ್ತಿ ಒಪ್ಪುವುದಿಲ್ಲ, ಸಾರುವವರೂ ಬೇಕು. ಆದರೆ ಮೂರು ನಿಮಿಷದ ಅಭ್ಯಾಸ, ಮನೆಮಾತು, ಇವನ್ನು ಒಪ್ಪುತ್ತೇನೆ. ಸಹಾಯದ ಚೀಲದ ಜೊತೆ ಅದು ಹೋಗಬಾರದು ಎಂಬುದನ್ನೂ.

ಲೆಕ್ಕದ_ಪುಸ್ತಕ

ಹಣದ ವಿಷಯ ಯಾರೂ ಎತ್ತಲಿಲ್ಲ. ನೂರು ಒಳ್ಳೇ ಕೆಲಸಗಳನ್ನು ಒಂದು ಹಣದ ಜಗಳ ತೊಳೆದುಬಿಡುತ್ತದೆ, ಅದು ಕೋರ್ಟಿಗೆ ಹೋದರೆ ಊರೆಲ್ಲ ಓದುತ್ತದೆ.

ಯೆರೂಸಲೇಮಿನ ಬಡವರಿಗೆ ಮಕೆದೋನ್ಯ, ಅಖಾಯದ ಸಭೆಗಳು ಕೊಟ್ಟ ಹಣವನ್ನು ಒಯ್ಯುವಾಗ ಪೌಲ ಸಭೆಗಳು ನೇಮಿಸಿದವರನ್ನು ಜೊತೆಗೆ ಕರೆದುಕೊಂಡ. ಕಾರಣವನ್ನೂ ಹೇಳಿದ: ಕರ್ತನ ದೃಷ್ಟಿಯಲ್ಲಷ್ಟೇ ಅಲ್ಲ, ಮನುಷ್ಯರ ದೃಷ್ಟಿಯಲ್ಲೂ ಸರಿಯಾಗಿರಬೇಕು (2 ಕೊರಿಂಥ 8). ಅಪೊಸ್ತಲನೇ ತನ್ನನ್ನು ನಂಬಿ ಅನ್ನಲಿಲ್ಲ.

ಕಾಣಿಕೆಯನ್ನು ಪರಸ್ಪರ ಸಂಬಂಧಿಕರಲ್ಲದ ಇಬ್ಬರು ಎಣಿಸಲಿ. 500 ಎಷ್ಟು, 200 ಎಷ್ಟು, 100 ಎಷ್ಟು, ಚಿಲ್ಲರೆ ಎಷ್ಟು ಎಂಬ ಚೀಟಿಗೆ ಇಬ್ಬರೂ ಅಲ್ಲೇ ಸಹಿ ಹಾಕಲಿ. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ. ಅದರಿಂದಲೇ ಖರ್ಚು ಮಾಡಿ ಉಳಿದದ್ದನ್ನು ಕಟ್ಟುವ ಅಭ್ಯಾಸದಲ್ಲೇ ಎಲ್ಲ ಗೊಂದಲ ಹುಟ್ಟುತ್ತದೆ, ಕದಿಯುವವರು ಇಲ್ಲದ ಸಭೆಯಲ್ಲೂ. ಬಡವರ ನಿಧಿಗೆ ಬೇರೆ ಖಾತೆ. ತಿಂಗಳ ಕೊನೆಗೆ ಬೋರ್ಡಿನಲ್ಲಿ "11 ಮನೆ, 18,400 ರೂಪಾಯಿ" ಎಂದಷ್ಟೇ ಹಾಕಿ, ಹೆಸರು ಆಡಿಟರ್ ನೋಡುವ ಪುಸ್ತಕದಲ್ಲಿರಲಿ.

ಹೊರದೇಶದಲ್ಲಿರುವ ನಮ್ಮವರು "ನಾನು ಕಳಿಸುತ್ತೇನೆ" ಅನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಅವರ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಅದು ಮೊದಲು ಬರಬೇಕಾದ ಖಾತೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯದು. ಯುವಜನ ಸಂಘದ ಖಜಾಂಚಿಯ ಸ್ವಂತ ಖಾತೆಗೆ ತರಿಸಿಕೊಳ್ಳುವುದು ಬೇಡವೇ ಬೇಡ.

ಓಣಿ_ಕೊನೆಮನೆ

ಕಾರ್ಯಕ್ರಮದಲ್ಲಿ ಬಾರದ ಒಂದು ಸಂಗತಿ: ಭಾನುವಾರ 8ರಿಂದ 11ರವರೆಗೆ ಅಕ್ಕಪಕ್ಕದವರ ಗೇಟಿನ ಮುಂದೆ ಬೈಕು, ಕಾರು. ಒಳಗೆ ನೆರೆಯವರನ್ನು ಪ್ರೀತಿಸುವ ಪ್ರಸಂಗ, ಹೊರಗೆ ನೆರೆಯವರ ಗಾಡಿ ತೆಗೆಯಲು ಜಾಗವಿಲ್ಲ. ಇಬ್ಬರು ಹುಡುಗರು ಆರಾಧನೆಗೆ ಅರ್ಧ ಗಂಟೆ ಮುಂಚೆ ನಿಂತು ಗೇಟುಗಳ ಮುಂದೆ ಗಾಡಿ ನಿಲ್ಲದಂತೆ ನೋಡಲಿ, ಅವರ ಫೋನ್ ನಂಬರನ್ನು ಆ ಮನೆಗಳಿಗೆ ಕೊಡಲಿ.

ಧ್ವನಿವರ್ಧಕಕ್ಕೆ 2000ದ ನಿಯಮ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಾಂಗಣದಲ್ಲಿ ಬೇಡ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಸರ್ಕಾರ ಹಬ್ಬದ ದಿನಗಳಿಗೆ 12ರವರೆಗೆ ಸಡಿಲಿಸಬಹುದು, ಆದರೆ ಅನುಮತಿ ಪತ್ರ ಕೈಯಲ್ಲಿರಲಿ. ಕ್ಯಾರಲ್‌ಗೆ ಮನೆಮನೆಗೆ ಹೋಗುವಾಗ ಕೊನೆಯ ಮನೆ ಒಂಬತ್ತೂವರೆಗೆ ಮುಗಿಯುವ ಹಾಗೆ ದಾರಿ ಹಾಕಿ. ಡ್ರಮ್ ಇಲ್ಲದೆ ಗಿಟಾರ್ ಸಾಕು. ಎಸ್‌ಎಸ್‌ಎಲ್‌ಸಿ ಮಕ್ಕಳು, ಹಸುಗೂಸು, ಕಾಯಿಲೆಯವರು ಇರುವ ಮನೆ ಯಾವುದು ಎಂದು ಮೊದಲೇ ತಿಳಿದುಕೊಂಡು ಅಲ್ಲಿ ಮೌನವಾಗಿ ದಾಟಿ.

ಬೆಳಗಿನ_ಗಂಟೆ

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಎಲ್ಲರಿಗೂ ಮನಃಪೂರ್ವಕ ವಂದನೆ. ಪಟ್ಟಿ ಬದಲಾಯಿಸಿದ್ದೇವೆ. ಶುಭ ಶುಕ್ರವಾರದ ಶಿಬಿರ ಕೈಬಿಟ್ಟು ನಾಲ್ಕು ಗುಂಪಿನ ಪಟ್ಟಿ, ಆಸ್ಪತ್ರೆಗೆ ಇಬ್ಬಿಬ್ಬರು, ಅಕ್ಕಿಯ ಬದಲು ಕೇಳಿ ಕೊಡುವುದು. ಜುಲೈನಲ್ಲಿ ಒಂದು ಶನಿವಾರ ಅಂಗಡಿಯವರಿಗೆ, ಸರ್ಕಾರಿ ನೌಕರರಿಗೆ ಬೇರೆ ಬೇರೆ ಕೂಟ. ಒಂದೇ ಪ್ರಶ್ನೆ ಉಳಿದಿದೆ: ದಾನಿಗಳ ಪಟ್ಟಿಯಲ್ಲಿ ಹೆಂಗಸರಲ್ಲಿ ಬಹಳ ಜನರ ಹಿಮೋಗ್ಲೋಬಿನ್ 12.5 ಮುಟ್ಟುತ್ತಿಲ್ಲ. ಅವರನ್ನು ಪಟ್ಟಿಯಿಂದ ತೆಗೆಯುವುದೇ?

ಸೇವಾಸದನ_ನರ್ಸ್

ತೆಗೆಯಬೇಡಿ, ಬೇರೆ ಪಟ್ಟಿಗೆ ಬರೆಯಿರಿ. ರಕ್ತ ಕಡಿಮೆ ಇದ್ದು ಗೊತ್ತಿಲ್ಲದೆ ಓಡಾಡುತ್ತಿದ್ದವರು ಈ ನೆಪದಲ್ಲಿ ಸಿಕ್ಕಿದ್ದಾರೆ. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ, ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತ. ಮಾತ್ರೆಯನ್ನು ಚಹಾ, ಕಾಫಿ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಒಂದು ಗಂಟೆಯಾದರೂ ಅಂತರವಿರಲಿ, ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಮೂರನೇ ದಿನಕ್ಕೆ ನಿಲ್ಲಿಸುತ್ತಾರೆ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿಸಿ. ಅದೇ ಓಣಿಯ ಬೇರೆ ಮನೆಯ ಹೆಂಗಸರನ್ನೂ ಜೊತೆಗೆ ಕರೆಯಿರಿ, ಆಟೋದಲ್ಲಿ ಮೂವರಿಗೆ ಜಾಗ ಇದೆಯಲ್ಲ.